ಹದಿನಾಲ್ಕನೆಯ ಪವನಿ

ಸೂಜಿ ಜಿಗಿಯಿತು.

ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ ಬೆಳೆದ ಸಾಬೀರಾ ಸೂಜಿ-ದಾರವಿಲ್ಲದೆ ಮನೆಯ ಹೊಸ್ತಿಲು ದಾಟಿದವಳಲ್ಲ. ಆ ಸೂಜಿಯನ್ನೇ ಎರಡು ಬೆರಳಲ್ಲಿ ಹಗುರವಾಗಿ ಹಿಡಿದು, ಡ್ರೋನಿನ ಕಂಬಕ್ಕೆ ಕಟ್ಟಿದ್ದ ಕರಿದಾರದ ಹತ್ತಿರ ಒಯ್ದಿದ್ದಳು. ದಾರದಲ್ಲಿ ಮೂರು ಮಣಿಗಳಿದ್ದವು. ನಡುವಿನ ಮಣಿ ಸೂಜಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಟಿಕ್ಕೆಂದು ಅಂಟಿಸಿಕೊಂಡಿತು.

"ಅಯ್ಯ ಶಿವನ! ಇದು ಮಣಿ ಅಲ್ಲೇನ್ರಿ?" ಎಂದ ವೀರು.

"ಮಣಿನ ಐತಿ. ಆದರ ಗಾಜಿಂದಲ್ಲ, ಸೂಜಿಗಲ್ಲಿಂದು."

ಶಿರಹಟ್ಟಿಯ ಈ ದನದ ಕೊಟ್ಟಿಗೆಯಲ್ಲಿ ಮೂವರು ನಿಂತಿದ್ದರು. ಕೊಟ್ಟಿಗೆಯೂ ಡ್ರೋನೂ ವೀರುವಿನವು. ಡ್ರೋನ್ ಬಂದ ಹೊಸದರಲ್ಲಿ ಅದನ್ನು ಪಡಸಾಲೆಯಲ್ಲಿಟ್ಟು ಮೇಲೆ ಜಮಖಾನೆ ಹೊದಿಸಿದ್ದವನು, ಈಗ ಎಮ್ಮೆಯ ಹಿಂದೆ ತಳ್ಳಿದ್ದ. ಆ ಎಮ್ಮೆಯೋ, ಪರಿಚಯವಿಲ್ಲದವರು ಹತ್ತಿರ ಬಂದರೆ ಕೊಂಬು ತಿರುವುವ ಜಾತಿ. ಅದನ್ನು ಹಿಡಿದು ಆಚೆ ಕಟ್ಟಲು ವೀರುವಿಗೇ ಕಾಲು ಗಂಟೆ ಹಿಡಿದಿತ್ತು.

ಮೂರನೆಯವಳು ವನಿತಾ. ಒಂಬತ್ತು ದಿನಗಳ ಹಿಂದೆ ಕಳಸಾಪುರದ ಮೆಣಸಿನಕಾಯಿ ಹೊಲದಲ್ಲಿ ಅವಳು ಹಾರಿಸುತ್ತಿದ್ದ ಪವನಿ ಡ್ರೋನ್ ದಿಕ್ಕು ತಪ್ಪಿ, ಕೂಲಿಗೆ ಬಂದಿದ್ದ ಗದಿಗೆವ್ವನ ಮೇಲೆ ಬಿದ್ದಿತ್ತು. ಗದಿಗೆವ್ವ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ವನಿತಾಳ ಲೈಸೆನ್ಸು ಅಮಾನತಾಗಿದೆ. ನಾಳೆ ಹನ್ನೊಂದು ಗಂಟೆಗೆ ಗದಗಿನಲ್ಲಿ ವಿಚಾರಣೆ.

ವಿಮಾ ಕಂಪನಿಯ ಪರವಾಗಿ ತನಿಖೆಗೆ ಬಂದ ಸರ್ವೇಯರ್ ಸಾಬೀರಾ. ತಪ್ಪು ಹಾರಿಸಿದವಳದೋ ಯಂತ್ರದ್ದೋ ಎಂದು ನಾಳೆ ಬರೆದುಕೊಡಬೇಕಾದವಳು ಅವಳೇ. 'ಹಾರಿಸಿದವಳ ತಪ್ಪು' ಎಂದು ಬರೆದರೆ ವನಿತಾಳ ಲೈಸೆನ್ಸು ರದ್ದಾಗುತ್ತದೆ, ಬೆನ್ನಿಗೇ ಪೊಲೀಸ್ ಕೇಸು. ಇದು ವನಿತಾಗೆ ಗೊತ್ತಿತ್ತು. ಒಂಬತ್ತು ದಿನಗಳಲ್ಲಿ ಅವಳ ಮುಖ ಅರ್ಧಕ್ಕೆ ಇಳಿದಿತ್ತು.

"ವನಿತಾ, ಇದರಾಗ ದಿಕ್ಸೂಚಿ ಎಲ್ಲಿರತೈತಿ?"

"ಇಲ್ಲೇ ರೀ ಅಕ್ಕಾರ. ಈ ಕಂಬದ ತುದಿಗೆ. ದಾರ ಕಟ್ಟಿದ್ದಕ್ಕಿಂತ ನಾಕ ಬೆರಳ ಮ್ಯಾಲೆ."

"ಹಾರಸೂಕಿಂತ ಮೊದಲ ದಿಕ್ಕು ಹೊಂದಸ್ತೀರಲ್ಲ? ಆವಾಗ ಗೊತ್ತಾಗಲಿಲ್ಲೇನು?"

ವನಿತಾ ಕಣ್ಣು ಕಿರಿದು ಮಾಡಿದಳು. ತರಬೇತಿಯಲ್ಲಿ ಮೊದಲನೆಯವಳಾಗಿ ಪಾಸಾದ ಹೆಣ್ಣುಮಗಳು ಆಕೆ. ಅಂಜಿಕೆಯ ನಡುವೆಯೂ ತಲೆ ಓಡತೊಡಗಿದ್ದು ಕಾಣುತ್ತಿತ್ತು.

"ಎತ್ತಿ ಹಿಡಕೊಂಡು ಸುತ್ತ ತಿರಗತೀವ್ರಿ. ಸೂಜಿಗಲ್ಲು ಅಲಗಾಡಲಾರದ ಒಂದ ಕಡೆ ಇತ್ತಂದ್ರ, ಮಷಿನ್ ಅದನ್ನೂ ಸೇರಿಸಿ ಹೊಂದಾಣಿಕಿ ಮಾಡಕೊಂಡ ಬಿಡತೈತಿ. ಎಲ್ಲಾ ಬರೋಬ್ಬರಿ ಐತಿ ಅಂತ ತೋರಸತೈತಿ. ಆದರ..."

ಅವಳು ಬಗ್ಗಿ ದಾರದ ಮೇಲೆ ಊದಿದಳು. ಮಣಿಗಳು ಅತ್ತಿತ್ತ ತೂಗಾಡಿದವು.

"ಆದರ ಮ್ಯಾಲೆ ಹ್ವಾದ ಮ್ಯಾಲೆ ರೆಕ್ಕಿ ಗಾಳಿಗೆ ಇದು ಹಿಂಗ ತೂಗಾಡಿದ್ರ, ಮಷಿನ್ನಿಗೆ ಉತ್ತರ ಯಾವುದು ದಕ್ಷಿಣ ಯಾವುದು ತಿಳಿಯಂಗಿಲ್ರಿ. ಎತ್ತ ಬೇಕತ್ತ ವಾಲತೈತಿ."

"ನನ್ನದೂ ಹಂಗ ವಾಲಿತು!" ವೀರು ತೊಡೆ ತಟ್ಟಿಕೊಂಡ. "ಎಡಕ್ಕ ವಾಲಿ ಬಾಂವ್ಯಾಗ ಬೀಳೂದಿತ್ತು. ಮುಗಿಸಿದ್ದ ಅವತ್ತ. ಎಮ್ಮಿ ಹಿಂದ ಒಗದು ಗೀಜಗ ಅನ್ನೂ ಹೊಸಾ ಡ್ರೋನಿಗೆ ಹೆಸರ ಬರಸಿಬಂದೆ."

ಸಾಬೀರಾ ವನಿತಾಳ ಕಡೆ ತಿರುಗಿದಳು. "ನಿನ್ನ ಮಷಿನ್ನಿಗೂ ದಾರ ಕಟ್ಟಿತ್ತು."

ಅದು ಪ್ರಶ್ನೆಯಾಗಿರಲಿಲ್ಲ. ಕಳಸಾಪುರದಲ್ಲಿ ಮುರಿದುಬಿದ್ದ ಡ್ರೋನಿನ ಕಂಬದ ಮೇಲೆ ಧೂಳು ಕೂರದ ಒಂದು ಬೆರಳಗಲದ ಉಂಗುರವನ್ನು ಅವಳು ಮೊದಲ ದಿನವೇ ನೋಡಿದ್ದಳು. ಮಲ್ಲಸಮುದ್ರದಲ್ಲಿ, ಕಣಗಿನಹಾಳದಲ್ಲಿ ಮೂಲೆಗೆ ಬಿದ್ದಿದ್ದ ಪವನಿಗಳ ಮೇಲೂ ಅಂಥದ್ದೇ ಉಂಗುರ. ಯಾರೋ ಹೋಗಿ ಕತ್ತರಿಸಿ ತೆಗೆದ ಗುರುತು. ವೀರುವಿನ ದಾರ ಮಾತ್ರ ಉಳಿದದ್ದು ಎಮ್ಮೆಯ ಕೃಪೆಯಿಂದ.

ವನಿತಾ ಒಂದು ಹೆಜ್ಜೆ ಹಿಂದೆ ಸರಿದಳು. "ಕಟ್ಟಿತ್ರಿ ಅಕ್ಕಾರ. ಪೊಲೀಸರು ಬರೂದರಾಗ ಹಲ್ಲಿಲೆ ಕಡದು ಬಾಂವಿಗೆ ಒಗದೆ."

"ಯಾಕ? ಎಂಟ ದಿನದಿಂದ ಕೇಳಾಕತ್ತೀನಿ, ಒಂದ ಮಾತ ಹೇಳಲಿಲ್ಲ."

"ಮಷಿನ್ನಿಗೆ ಏನೂ ಕಟ್ಟಬಾರದು ಅಂತ ತರಬೇತಿ ಮೊದಲನೇ ದಿನಾನ ಹೇಳಿದ್ರು. ದಾರ ಕಂಡ್ರ ತಪ್ಪು ನಂದ ಅಂತಿದ್ರು. ಅದರಿಂದನ ಬಿದ್ದೈತಿ ಅಂತ ನನಗೇನ್ ಗೊತ್ರಿ? ದಾರಕ್ಕ ಯಾರರ ಹೆದರತಾರೇನು?"

ಸಾಬೀರಾಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಕರುಣೆಯೂ ಬಂತು. ತನ್ನನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷಿಯನ್ನು ತಾನೇ ಹಲ್ಲಿನಿಂದ ಕಡಿದು ಬಾವಿಗೆಸೆದ ಹುಡುಗಿಗೆ ಏನನ್ನುವುದು?

"ಯಾರು ಕಟ್ಟಿದ್ದು?"

"ದಸರಾದಾಗ, ಖಂಡೇಪೂಜಿ ದಿನಾ ರೀ. ಲಕ್ಷ್ಮೇಶ್ವರದಾಗ, ನಿಜಲಿಂಗಪ್ಪ ಸಾವಕಾರ್ರ ಅಂಗಡಿ ಮುಂದ. ಎಲ್ಲಾರ ಮಷಿನ್ನೂ ಸಾಲಾಗಿ ಇಟ್ಟು ಪೂಜಾ ಮಾಡಿದ್ವಿ. ಅಲ್ಲೇ ಕಟ್ಟಿದ್ದು." ಹೇಳುತ್ತ ಹೇಳುತ್ತ ಅವಳ ಕಣ್ಣು ನೆಲಕ್ಕಿಳಿಯಿತು.

ನಾಚಿಕೆ ಇರಬೇಕು ಎಂದುಕೊಂಡಳು ಸಾಬೀರಾ. ಅಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ.

"ಟ್ರ್ಯಾಕ್ಟರಿಗೆ ಕಟ್ಟತೀವಿ, ಮೋಟರ್ ಸೈಕಲ್ಲಿಗೆ ಕಟ್ಟತೀವಿ, ತೊಟ್ಟಲದಾಗಿನ ಕೂಸಿಗೆ ಕಟ್ಟತೀವಿ," ಎಂದ ವೀರು ತಪ್ಪಿತಸ್ಥನಂತೆ. "ಇದಕ್ಕ ಬ್ಯಾರೇನ ಐತಿ ಅಂತ ಅನಸಲಿಲ್ರಿ ನಮಗ. ಮಂದಿ ದೃಷ್ಟಿ ಏನ್ ಕಮ್ಮಿ ಇರತೈತ್ರಿ ಡ್ರೋನ್ ಮ್ಯಾಲೆ?"

* * *

ಸಾಬೀರಾ ಹೊರಗೆ ಬಂದು ಬೇವಿನ ಗಿಡದ ನೆರಳಿಗೆ ನಿಂತು ಚೀಲದಿಂದ ಪಟ್ಟಿ ತೆಗೆದಳು. ಆ ಪಟ್ಟಿಯನ್ನು ನೋಡಿ ನೋಡಿ ಅದರ ಮಡಿಕೆಗಳು ಹರಿಯುವಂತಾಗಿದ್ದವು.

ಈ ಭಾಗದಲ್ಲಿ ಲೈಸೆನ್ಸು ಪಡೆದ ಡ್ರೋನ್ ಆಪರೇಟರುಗಳು ಹದಿನಾಲ್ಕು ಮಂದಿ. ದಸರೆಯವರೆಗೆ ಹದಿನಾಲ್ಕೂ ಮಂದಿಯ ಕೈಯಲ್ಲಿದ್ದದ್ದು ಪವನಿ. ಹತ್ತು ಲೀಟರಿನ ಟ್ಯಾಂಕು, ಎಕರೆಗೆ ಏಳು ನಿಮಿಷ, ಬೆಲೆಯೂ ಕೈಗೆಟುಕುವಂಥದ್ದು. ದಸರೆ ಕಳೆದು ಐದು ವಾರವಾಗಿಲ್ಲ, ಗಾಳಿ ತಿರುಗಿಬಿಟ್ಟಿತು. ಮೂವರು ಪವನಿ ಬಿಟ್ಟು ಗೀಜಗ ಕೊಂಡರು. ಒಂಬತ್ತು ಮಂದಿ ಪವನಿಯನ್ನು ಮೂಲೆಗಿಟ್ಟು ಗೀಜಗಕ್ಕೆ ಹೆಸರು ಬರೆಸಿ ಕೂತರು. ವನಿತಾಳದು ಮುರಿದುಬಿತ್ತು.

ಹದಿನಾಲ್ಕನೆಯದೊಂದು ಮಾತ್ರ ಇನ್ನೂ ಹಾರುತ್ತಿತ್ತು. ಮುಂಡರಗಿಯ ಭೀಮೇಶನದು.

ಯಾಕೆ ಬಿಟ್ಟಿರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಪವನಿ ವಾಲುತ್ತದೆ. ಹಾಗಾದರೆ ಭೀಮೇಶನ ಪವನಿ ಮಾತ್ರ ಯಾಕೆ ವಾಲುವುದಿಲ್ಲ? ಈ ಒಂದು ಪ್ರಶ್ನೆ ಅವಳನ್ನು ನಿನ್ನೆ ಮುಂಡರಗಿಗೆ ಎಳೆದೊಯ್ದಿತ್ತು.

ಮಾತಿಗೆ ಒಳ್ಳೆಯವನು ಭೀಮೇಶ. ಕುರ್ಚಿ ಒರೆಸಿಕೊಟ್ಟ, ಚಹಾ ಕೊಟ್ಟ. ಬಲಗೈಯ ಕಿರುಬೆರಳು ಅರ್ಧವೇ ಇತ್ತು. ಕಲಿಯುವಾಗ ರೆಕ್ಕೆಗೆ ಕೊಟ್ಟದ್ದೆಂದು ನಗುತ್ತಲೇ ತೋರಿಸಿದ. ಅವನ ಶೆಡ್ಡಿನಲ್ಲಿ ಬೇರೆಯವರು ಬಿಟ್ಟ ಮೂರು ಹಳೆಯ ಪವನಿಗಳು ಒಂದರ ಮೇಲೊಂದು ಕೂತಿದ್ದವು. "ಬಿಡಿಭಾಗಕ್ಕ ಆಕ್ಕಾವಂತ ತಗೊಂಡೀನ್ರಿ," ಎಂದಿದ್ದ. ಮಾತಿನ ನಡುವೆ ಅವನ ಫೋನು ಏಳೆಂಟು ಸಲ ಬಡಿದುಕೊಂಡಿತ್ತು. ಎಲ್ಲವೂ ಎಣ್ಣೆ ಹೊಡೆಯಲು ಕರೆಯುವ ರೈತರವೇ. ಈ ಕಡೆ ಔಷಧ ಸಿಂಪಡಿಸುವುದಕ್ಕೆ ಎಣ್ಣೆ ಹೊಡೆಯುವುದೆಂದೇ ಹೆಸರು.

ಖಂಡೇಪೂಜೆಗೆ ಹೋಗಿದ್ದಿರಾ ಎಂದು ಕೇಳಿದಾಗ ತಲೆಯಾಡಿಸಿದ್ದ. "ಇಲ್ರಿ. ನಮ್ಮ ಕಾಕಾನ ಸೊಸಿ ಹಡದಿದ್ಲು. ಸೂತಕ ಇತ್ತು. ಪೂಜಾದ ಕಡೆ ನಾ ಹೆಂಗ ಹೋಗಲಿ?"

ನಿನ್ನೆ ಆ ಮಾತು ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗಿತ್ತು. ಇವತ್ತು ಅದೇ ಮಾತು ಬಂಗಾರವಾಯಿತು. ಸೂತಕ ಇತ್ತು, ಅದಕ್ಕೇ ಪೂಜೆಗೆ ಹೋಗಲಿಲ್ಲ. ಹೋಗಲಿಲ್ಲ, ಅದಕ್ಕೇ ದಾರ ಕಟ್ಟಿಸಲಿಲ್ಲ. ದಾರವಿಲ್ಲ, ಅದಕ್ಕೇ ಅವನ ಪವನಿ ನೆಟ್ಟಗೆ ಹಾರುತ್ತಿದೆ. ಹುಟ್ಟಿದ ಕೂಸೊಂದು ತನಗೇ ತಿಳಿಯದೆ ಒಬ್ಬ ಮನುಷ್ಯನ ಯಂತ್ರವನ್ನು ಕಾಪಾಡಿತ್ತು. ಕೊಂಡಿಗೆ ಕೊಂಡಿ ಕೂಡಿತ್ತು.

ಇದನ್ನು ಒಳಗೆ ಹೋಗಿ ವೀರುವಿಗೂ ವನಿತಾಗೂ ಹೇಳಬೇಕೆಂದು ಸಾಬೀರಾಗೆ ಅನಿಸಿತು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬ ಸಾಕ್ಷಿಯ ಕಿವಿಗೆ ಹಾಕಬಾರದು. ಹದಿನೆಂಟು ವರ್ಷದ ಸರ್ವೇ ಕೆಲಸದಲ್ಲಿ ಅವಳು ಒಮ್ಮೆಯೂ ಮುರಿಯದ ನೇಮ ಅದು. ಆ ನೇಮದ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಅಪರಾಧಿ ಯಾರೆಂಬುದು ಈಗ ಕಣ್ಣಿಗೆ ಕಟ್ಟಿದಂತಿತ್ತು. ಪೂಜೆ ನಡೆದದ್ದು ನಿಜಲಿಂಗಪ್ಪನ ಅಂಗಡಿಯ ಮುಂದೆ. ದಸರೆಗೆ ಹದಿನೈದು ದಿನ ಮುಂಚೆ ಗೀಜಗದ ಏಜೆನ್ಸಿ ತೆಗೆದುಕೊಂಡವನೂ ಅದೇ ನಿಜಲಿಂಗಪ್ಪ. ಪವನಿ ವಾಲಬೇಕು, ಗೀಜಗ ಮಾರಬೇಕು.

ಆದರೆ ವಿಚಾರಣೆಯಲ್ಲಿ ಕೂರುವ ಅಧಿಕಾರಿಗಳಿಗೆ ದಾರ, ಮಣಿ, ಸೂಜಿ ಎಂದರೆ ನಕ್ಕು ಎದ್ದುಹೋಗುತ್ತಾರೆ. ಕಣ್ಣಾರೆ ಕಾಣಿಸಬೇಕು. ನೆಟ್ಟಗೆ ಹಾರುವ ಪವನಿಗೆ ಈ ದಾರ ಕಟ್ಟಿ, ಅದು ವಾಲುವುದನ್ನು ವಿಡಿಯೋ ಮಾಡಬೇಕು. ಮೂಲೆಗೆ ಬಿದ್ದವುಗಳ ಬ್ಯಾಟರಿಗಳೆಲ್ಲ ಚಾರ್ಜಿಲ್ಲದೆ ಸತ್ತುಹೋಗಿದ್ದವು; ಹಾರುವ ಸ್ಥಿತಿಯಲ್ಲಿದ್ದ ಪವನಿ ಈ ಭಾಗಕ್ಕೆಲ್ಲ ಒಂದೇ.

ಅವಳು ಭೀಮೇಶನಿಗೆ ಫೋನು ಹಚ್ಚಿದಳು. ವಿಷಯವನ್ನೆಲ್ಲ ಹೇಳಿದಳು.

"ವನಿತಾಗ ಅನುಕೂಲ ಆಗೂದಂದ್ರ ನಾ ಒಲ್ಲೆ ಅಂತೀನೇನ್ರಿ ಅಕ್ಕಾರ?" ಎಂದ ಅವನು. "ದಾರ ಕಳಸಿಕೊಡ್ರಿ. ಎಷ್ಟ ಸಿಕ್ಕಾವು ನಿಮಗ?"

"ಒಂದ ಉಳದೈತಿ ನೋಡ್ರಿ."

"ಒಂದ! ಹಂಗಾದ್ರ ಜ್ವಾಕಿ. ಆಕಿ ಕೈಯಾಗ ಕೊಟ್ಟ ಕಳಸ್ರಿ. ನಾಕ ಗಂಟೇಕ್ಕ ಗಾಳಿ ಕಡಿಮಿ ಆಕ್ಕೈತಿ, ಆವಾಗ ಹಾರಸೂಣು."

ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡಳು ಸಾಬೀರಾ.

ತಾನೂ ಮುಂಡರಗಿಗೆ ಹೋಗುವಂತಿರಲಿಲ್ಲ. ನಿಜಲಿಂಗಪ್ಪ ಮೂರೂವರೆಗೆ ಅಂಗಡಿಗೆ ಬಂದು ಐದಕ್ಕೆ ಹುಬ್ಬಳ್ಳಿಯ ಮದುವೆಗೆ ಹೊರಡುವವನಿದ್ದ. ಅವನನ್ನು ಇವತ್ತೇ ಹಿಡಿಯಬೇಕು. ದಾರದ ನಾಲ್ಕಾರು ಫೋಟೋ ತೆಗೆದಳು. ದಾರವನ್ನು ಕರವಸ್ತ್ರದಲ್ಲಿ ಗಂಟು ಹಾಕಿ ವನಿತಾಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮುಚ್ಚಿದಳು.

"ಇದು ನಿನ್ನ ಲೈಸೆನ್ಸ ಅಂತ ತಿಳಕೋ. ಹಾರಸೂದು ಭೀಮೇಶ. ನೀ ಮಷಿನ್ ಮುಟ್ಟಾಕ ಹೋಗಬ್ಯಾಡ. ಬರೇ ವಿಡಿಯೋ ಮಾಡು."

ಒಂಬತ್ತು ದಿನಗಳಲ್ಲಿ ಮೊದಲ ಬಾರಿಗೆ ವನಿತಾ ನಕ್ಕಳು. "ಆತ್ರಿ ಅಕ್ಕಾರ," ಎಂದು ಮುಂಡರಗಿಯ ಬಸ್ಸು ಹತ್ತಿದಳು.

* * *

ಲಕ್ಷ್ಮೇಶ್ವರದ ಆ ಅಂಗಡಿಯಲ್ಲಿ ಬೀಜ, ಗೊಬ್ಬರ, ಔಷಧದ ಘಾಟು ಒಟ್ಟಿಗೆ ಮೂಗಿಗೆ ಬಡಿಯುತ್ತಿತ್ತು. ಗಾಜಿನ ಕಪಾಟಿನಲ್ಲಿ ಹೊಸ ಗೀಜಗವೊಂದು ರೆಕ್ಕೆ ಮಡಚಿ ಕೂತಿತ್ತು.

ನಿಜಲಿಂಗಪ್ಪನಿಗೆ ಅರವತ್ತು ದಾಟಿತ್ತು. ಹಣೆತುಂಬ ವಿಭೂತಿ, ಬಿಳಿ ಧೋತರ, ಅಳೆದು ತೂಗಿ ಆಡುವ ಮಾತು. ಮದುವೆಗೆಂದು ಅತ್ತರು ಹಚ್ಚಿಕೊಂಡಿದ್ದ. ಅದು ಔಷಧದ ಘಾಟಿನೊಂದಿಗೆ ಜಗಳಕ್ಕೆ ಬಿದ್ದಿತ್ತು.

"ಬರ್ರಿ ಮ್ಯಾಡಮ್ಮಾರ, ಕುಂಡ್ರಿ. ಚಾ ತರಸ್ತೀನಿ."

"ಚಾ ಆಮ್ಯಾಲೆ ಆತ್ರಿ ಸಾವಕಾರ್ರ. ಐದ ವಾರದಾಗ ಹನ್ನೆರಡು ಮಂದಿ ಪವನಿ ಬಿಟ್ಟು ನಿಮ್ಮ ಗೀಜಗಕ್ಕ ಬಂದಾರ. ಇದು ಹ್ಯಾಂಗ ಆತು?"

"ಆಪರೇಟರ್ ಮಂದಿ ಹಂಗ್ರಿ." ಅವನು ಗದ್ದಿಗೆಗೆ ಒರಗಿದ. "ಚಲೋದು ಯಾವುದು ಅಂತ ನೋಡೂದಿಲ್ಲ ಅವರು. ನಮ್ಮ ಪೈಕಿ ಹುಷಾರ ಇದ್ದಾಂವ ಯಾವುದ ಹಾರಸ್ತಾನ ಅಂತ ನೋಡತಾರ. ಒಬ್ಬಾಂವ ಬಿಟ್ಟ ಅಂದ್ರ ಉಳದಾವ್ರು ಅಂವನ ಹಿಂದ ಬಂದ್ರು. ಮತ್ತ ಪವನಿ ರೆಕ್ಕಿ ಮುರೀತಂದ್ರ ಪುಣೆದಿಂದ ಬರಾಕ ಎಂಟ ದಿನ. ಮೆಣಸಿನಕಾಯಿಗೆ ಹುಳ ಬಿದ್ದಾಗ ಎಂಟ ದಿನ ಯಾರ ಕಾಯತಾರ್ರಿ? ನಾ ಬಿಡಿಭಾಗ ಇಲ್ಲೇ ಇಟ್ಟೀನಿ."

"ಅದಕ್ಕ ಅಷ್ಟ ಬಂದ್ರೇನು?"

"ಮತ್ತ್ಯಾಕ ಬರತಾರ?"

ಸಾಬೀರಾ ತನ್ನ ಫೋನನ್ನು ಅವನ ಮುಂದಿಟ್ಟಳು. ಪರದೆಯ ಮೇಲೆ ಕರಿದಾರ, ಮಣಿ, ಮಣಿಗೆ ಅಂಟಿಕೊಂಡು ನಿಂತ ಸೂಜಿ.

"ಈ ದಾರ ಕಟ್ಟಿದ್ದಕ್ಕ ಬಂದಾರ. ನಿಮ್ಮ ಅಂಗಡಿ ಮುಂದ, ನಿಮ್ಮ ಪೂಜಾದಾಗ ಕಟ್ಟಿದ್ದು. ಒಳಗ ಸೂಜಿಗಲ್ಲು ಐತಿ. ಗದಿಗೆವ್ವ ಇನ್ನೂ ಆಸ್ಪತ್ರ್ಯಾಗ ಮಲಗ್ಯಾಳ, ಎಡಗೈ ಬರತೈತೋ ಇಲ್ಲೋ ಅಂತ ಡಾಕ್ಟರ್ರಿಗೂ ಗೊತ್ತಿಲ್ಲ. ಇದಕ್ಕ ಏನ್ ಅಂತೀರಿ?"

ನಿಜಲಿಂಗಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ಮುಖದ ಬಣ್ಣ ಇಳಿಯುತ್ತದೆಂದು ಅವಳು ಕಾದಳು. ಅದು ಇಳಿಯಲಿಲ್ಲ. ಹುಬ್ಬುಗಳು ಮಾತ್ರ ಗಂಟಿಕ್ಕಿದವು.

"ಪೂಜಾಕ್ಕ ಪೆಂಡಾಲ ನಂದು. ಪ್ರಸಾದ ನಂದು. ಬಂದ ಮಂದಿಗೆಲ್ಲಾ ಗಿರಮಿಟ್ಟು ಮಿರ್ಚಿ ನಂದು. ಅದನ್ನ ಇಲ್ಲ ಅನ್ನಂಗಿಲ್ಲ. ಆದರ ದಾರ ನಂದಲ್ಲ."

"ಮತ್ತ ಯಾರದು?"

"ನಾ ಮಾರಾಂವ ರೀ ಮ್ಯಾಡಮ್ಮಾರ. ಕಳಸಾಪುರದಾಗ ಒಂದ ಮಷಿನ್ ಬಿದ್ದ ಮ್ಯಾಲೆ ರೈತರು ಪವನಿ ಒಂದಕ್ಕ ಅಷ್ಟ ಹೆದರ್ಯಾರೇನು? ಡ್ರೋನ್ ಅಂದ್ರನ ಹೊಲದಾಗ ಕಾಲಿಡಬ್ಯಾಡ ಅನ್ನಾಕತ್ತಾರ. ನನ್ನ ಅಂಗಡಿ ಬಾಗಲಕ್ಕ ನಾನ ಕಲ್ಲ ಒಗೀತೀನೇನು?" ಅವನ ದನಿ ಮೊದಲ ಬಾರಿಗೆ ಏರಿತು. "ದಾರ ಕಟ್ಟಿದ್ದು ಯಾರು ಅಂತ ನಿಮಗ ಬೇಕಲ್ಲ? ಅಂಗಡಿ ವಾಟ್ಸಾಪ್ ಗುಂಪಿಗೆ ಹಾಕಾಕಂತ ವಿಡಿಯೋ ತಗಸಿದ್ದೆ. ಕಣ್ತುಂಬ ನೋಡ್ರಿ."

ಅವನು ತನ್ನ ಫೋನು ಮುಂದೆ ಚಾಚಿದ.

ಸಾಲಾಗಿ ಹದಿಮೂರು ಪವನಿಗಳು. ಎಲ್ಲಕ್ಕೂ ಚೆಂಡುಹೂವಿನ ಮಾಲೆ, ಕುಂಕುಮ. ಒಂದರಿಂದ ಇನ್ನೊಂದಕ್ಕೆ ಬಗ್ಗುತ್ತ, ನಗುತ್ತ, ಕಂಬಕ್ಕೆ ಕರಿದಾರ ಸುತ್ತಿ ಗಂಟು ಹಾಕುತ್ತಿದ್ದವಳು ವನಿತಾ.

ಸಾಬೀರಾಗೆ ಕೊಟ್ಟಿಗೆಯಲ್ಲಿ ನೆಲಕ್ಕಿಳಿದ ಆ ಕಣ್ಣುಗಳು ನೆನಪಾದವು. ಅದು ನಾಚಿಕೆಯಲ್ಲ. ಹದಿಮೂರು ಯಂತ್ರಗಳಿಗೂ ದಾರ ಕಟ್ಟಿದ ಕೈ ತನ್ನದೆಂದು ಹೇಳಲಾರದೆ ಇಳಿದ ಕಣ್ಣು. ಇಷ್ಟು ದಿನ ಈ ಹುಡುಗಿಗಾಗಿ ಊರೂರು ಅಲೆದದ್ದಕ್ಕೆ ತನ್ನ ಮೇಲೆ ತನಗೇ ರೇಗಿತು.

"ನೀವು ಉಳಸಾಕ ಹೊಂಟಿದ್ದು ಇಕಿನ್ನ ಹೌದಲ್ರಿ?" ಎಂದ ನಿಜಲಿಂಗಪ್ಪ. ಮಾತಿನಲ್ಲಿ ಕೊಂಕಿತ್ತು, ಆದರೆ ಸುಳ್ಳಿರಲಿಲ್ಲ.

ಸಿಟ್ಟು ಬಂದಾಗ ಎರಡನೆಯ ಸಲ ನೋಡಬೇಕೆಂಬುದು ಸಾಬೀರಾಳ ಇನ್ನೊಂದು ನೇಮ. ವಿಡಿಯೋವನ್ನು ಮತ್ತೆ ಹಚ್ಚಿದಳು. ಈ ಸಲ ವನಿತಾಳ ಮುಖ ನೋಡಲಿಲ್ಲ. ದಾರ ಎಲ್ಲಿಂದ ಬರುತ್ತಿದೆ ಎಂದು ನೋಡಿದಳು.

ವನಿತಾ ಪ್ರತಿ ಸಲವೂ ಪಕ್ಕಕ್ಕೆ ಕೈ ಚಾಚುತ್ತಿದ್ದಳು. ಪಕ್ಕದಲ್ಲೊಂದು ಹಿತ್ತಾಳೆಯ ತಟ್ಟೆ ಅವಳ ಜೊತೆಜೊತೆಗೇ ಸರಿಯುತ್ತಿತ್ತು. ತಟ್ಟೆಯಲ್ಲಿ ದಾರಗಳ ಗುಪ್ಪೆ. ತಟ್ಟೆ ಹಿಡಿದವನ ಮುಖ ಪರದೆಯಾಚೆ ಉಳಿದಿತ್ತು. ಕಾಣುತ್ತಿದ್ದದ್ದು ಮೊಣಕೈವರೆಗಿನ ತೋಳು, ತಟ್ಟೆಯ ಅಂಚಿಗೆ ಒತ್ತಿದ ಬಲಗೈಯ ಬೆರಳುಗಳು.

ಕಿರುಬೆರಳು ಅರ್ಧವೇ ಇತ್ತು.

ಸಾಬೀರಾ ಅಲ್ಲೇ ವಿಡಿಯೋ ನಿಲ್ಲಿಸಿದಳು. "ಸಾವಕಾರ್ರ, ಭೀಮೇಶ ಬಂದಿದ್ನೇನ್ರಿ ಪೂಜಾಕ್ಕ?"

"ಬಂದಿದ್ನೇನು ಅಂತ ಕೇಳತೀರಲ್ಲ! ದಾರ, ಮಣಿ, ತಟ್ಟಿ ಎಲ್ಲಾ ತಂದಾಂವ ಅಂವನ. ನಮ್ಮೊಳಗ ಹೆಣಮಗಳು ಅಂದ್ರ ಇಕಿ ಒಬ್ಬಾಕಿ, ಇಕಿ ಕೈಯಿಲೆ ಕಟ್ಟಸೂಣು ಅಂದಾಂವನೂ ಅಂವನ."

"ಅಂವಗ ಸೂತಕ ಇತ್ತಂತಲ್ಲ?"

"ಸೂತಕ ಇದ್ದಾಂವ ಪೂಜಾದ ತಟ್ಟಿ ಹಿಡೀತಾನೇನ್ರಿ? ಮಷಿನ್ ಒಂದ ತಂದಿದ್ದಿಲ್ಲ. ಯಾಕಲೇ ಅಂದ್ರ, ಬ್ಯಾಟರಿ ಕೆಟ್ಟೈತ್ರಿ ಅಂದ."

ಹೊರಗೆ ಲಾರಿಯೊಂದು ಹಾರನ್ ಬಾರಿಸುತ್ತ ಹೋಯಿತು. ಸಾಬೀರಾಗೆ ಅದು ಎಲ್ಲಿಯೋ ದೂರದಲ್ಲಿ ಕೇಳಿದಂತಾಯಿತು.

ನಿಜಲಿಂಗಪ್ಪ ಅವಳ ಮುಂದಿದ್ದ ಪಟ್ಟಿಯನ್ನು ಬೆರಳಿನಿಂದ ಮುಟ್ಟಿದ. "ನೀವು ಪವನಿ ಬಿಟ್ಟಾವ್ರನ್ನ ಬರಕೊಂಡೀರಿ. ನಾ ಮಾರಿದ್ದು ಮೂರ ಗೀಜಗ. ಉಳದ ಒಂಬತ್ತು ಸಂಕ್ರಾಂತಿ ತನಕ ಬರಂಗಿಲ್ಲ, ಕಂಪನ್ಯಾಗನ ಇಲ್ಲ. ಮೂರ ಮಂದಿ ಗೀಜಗದವರೂ ಕಳಸಾಪುರದ ಖಬರ ಕೇಳಿ ಹೆದರಿ ಕುಂತಾರ. ಹಂಗಾದ್ರ ಈ ಹಂಗಾಮದಾಗ ಇಷ್ಟೂ ಊರ ಮೆಣಸಿನಕಾಯಿಗೆ ಎಣ್ಣಿ ಹೊಡಿಯಾಕತ್ತಾಂವ ಯಾರು ಅಂತ ಬರಕೊಂಡೀರೇನು?"

ನಿನ್ನೆ ಏಳೆಂಟು ಸಲ ಬಡಿದುಕೊಂಡ ಆ ಫೋನು. ಶೆಡ್ಡಿನಲ್ಲಿ ಒಂದರ ಮೇಲೊಂದು ಕೂತಿದ್ದ ಮೂರು ಪವನಿಗಳು. ಅವುಗಳ ಕಂಬದ ಮೇಲೆ ದಾರದ ಗುರುತಿದೆಯೇ ಎಂದು ಅವಳು ನೋಡಿರಲೇ ಇಲ್ಲ. ಬಿಡಿಭಾಗದ ನೆಪದಲ್ಲಿ ಮನೆಮನೆಗೆ ಹೋಗಿ ದಾರ ಕತ್ತರಿಸಿ ತಂದವನೂ ಅವನೇ ಇರಬೇಕು. 'ಎಷ್ಟ ಸಿಕ್ಕಾವು ನಿಮಗ?' ಎಂದು ಅವನು ಕೇಳಿದ್ದು. ತಾನು ಬಾಯಿಬಿಟ್ಟು 'ಒಂದ' ಎಂದದ್ದು.

ಆ ಒಂದನ್ನೂ ಅವನ ಕೈಗೇ ಕಳಿಸಿದ್ದಳು. ತಟ್ಟೆ ಹಿಡಿದವನು ಯಾರೆಂದು ಹೇಳಬಲ್ಲ ಹುಡುಗಿಯ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಕೊಟ್ಟಿಗೆಯಲ್ಲಿ 'ಭೀಮೇಶಗ ಸೂತಕ ಇತ್ತಂತ' ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ವೀರು ಬಿದ್ದು ಬಿದ್ದು ನಗುತ್ತಿದ್ದ. ಹದಿನೆಂಟು ವರ್ಷ ಮುರಿಯದ ನೇಮ.

ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆದು ಆರು ನಿಮಿಷವಾಗಿತ್ತು.

ಸಾಬೀರಾ ಫೋನು ಎತ್ತಿಕೊಂಡಳು. ಅವಸರದಲ್ಲಿ ಮೊದಲ ಸಲದ ಕರೆ ಬೇರೆ ಯಾರಿಗೋ ಹೋಯಿತು. ಎರಡನೆಯ ಸಲ ಕರೆ ಹತ್ತಲಿಲ್ಲ. ಮೂರನೆಯ ಸಲ ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು.

"ಹಲೋ ಅಕ್ಕಾರ!" ವನಿತಾಳ ದನಿ ಗೆಲುವಾಗಿತ್ತು. "ಚಾಲೂ ಆತ್ರಿ. ಭೀಮೇಶಣ್ಣ ಮಷಿನ್ ಮ್ಯಾಲೆ ಎತ್ತ್ಯಾನ."

"ಎಲ್ಲಿದ್ದಿ ನೀನು?"

"ಹೊಲದ ನಟ್ಟ ನಡುವ ನಿಂತೀನ್ರಿ. ಅಲ್ಲೇ ನಿಂತ್ರ ವಿಡಿಯೋ ಚಲೋ ಬರತೈತಿ, ಅಲಗಾಡಬ್ಯಾಡ ಅಂದಾನ."

"ದಾರ ಕಟ್ಟ್ಯಾನೇನು?"

"ಇನ್ನೂ ಇಲ್ರಿ. ಅಂವನ ಕಿಸೇದಾಗ ಐತಿ. ಮೊದಲ ದಾರ ಇಲ್ಲದ ಒಮ್ಮಿ ಹಾರಸಿ ತೋರಸ್ತೀನಿ ಅಂದ."

ದಾರವಿಲ್ಲದ ಪವನಿ ದಿಕ್ಕು ತಪ್ಪುವುದಿಲ್ಲ. ಹಾರಿಸುವವನು ಎಲ್ಲಿಗೆ ಕಳಿಸುತ್ತಾನೋ ಅಲ್ಲಿಗೇ ಹೋಗುತ್ತದೆ. ನಾಳೆ ಕೇಳುವವರಿಗೆ, ಹದಿನಾಲ್ಕನೆಯ ಪವನಿಯೂ ವಾಲಿತು ಎಂದರೆ ಯಾರೂ ಅನುಮಾನಪಡುವುದಿಲ್ಲ.

"ವನಿತಾ, ಓಡು! ಬದುವಿನ ಗಿಡದ ಬುಡಕ್ಕ ಓಡು!"

"ಏನಂದ್ರಿ? ಸಪ್ಪಳ ಭಾಳ ಐತ್ರಿ..."

ಫೋನಿನಲ್ಲಿ ರೆಕ್ಕೆಗಳ ಗುಂಯ್‌ಗುಡುವಿಕೆ ಏರುತ್ತಿತ್ತು. ಸಾಬೀರಾ ಅಂಗಡಿಯ ನಡುವೆ ನಿಂತು ಕೂಗುತ್ತಿದ್ದಳು. ನಿಜಲಿಂಗಪ್ಪ ಎದ್ದು ನಿಂತಿದ್ದ, ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

"ಅಕ್ಕಾರ," ಎಂದಳು ವನಿತಾ. ಆ ದನಿಯಲ್ಲಿ ಈಗ ನಗುವಿರಲಿಲ್ಲ. "ಇದು ನನ್ನ ಕಡೇನ ಬರಾಕತ್ತೈತಿ. ಭೀಮೇಶಣ್ಣಗ ಕೈ ಮಾಡಿದ್ರ ಅಂವ ನೋಡವಲ್ಲ."